ಆರಿಸಿಕೊಂಡು ಹೋದ ಮೇಲೆ ಉಳಿಯುವ ಜಾಣ ಮಕ್ಕಳು

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊದಲು ನಡೆಯುವುದು ಸೇತುಬಂಧ. ಹಿಂದಿನ ತರಗತಿಯ ಪಾಠ ಯಾರಿಗೆ ಬಂದಿದೆ, ಯಾರಿಗೆ ಬಂದಿಲ್ಲ ಅಂತ ಒಂದು ಪರೀಕ್ಷೆ ಮಾಡುತ್ತೇವೆ. ಬಾರದವರ ಪಟ್ಟಿ ಬರೆಯುತ್ತೇವೆ. ಅವರಿಗೆ ಪರಿಹಾರ ಬೋಧನೆ ಮಾಡಿ, ಕೊನೆಗೆ ಮತ್ತೊಂದು ಪರೀಕ್ಷೆ ಕೊಡುತ್ತೇವೆ. ಇದು ಬೇಕೇ ಬೇಕು, ನಾನು ಮನಸ್ಸಿಟ್ಟೇ ಮಾಡುತ್ತೇನೆ. ಆದರೆ ಆ ಮೊದಲ ಪರೀಕ್ಷೆಯಲ್ಲೇ ಎಲ್ಲವನ್ನೂ ಸರಿಯಾಗಿ ಬರೆದು, ಎಲ್ಲರಿಗಿಂತ ಮೊದಲು ಪೇಪರ್ ಕೊಟ್ಟು, ಕಿಟಕಿ ಕಡೆ ನೋಡುತ್ತಾ ಕೂರುವ ಮಗು ಇರುತ್ತದಲ್ಲ, ಅದಕ್ಕೆ ಅಷ್ಟು ದಿನ ಏನು ಕೆಲಸ? ನನ್ನ ಕೈಗೆ ಬಂದ ಯಾವ ಸುತ್ತೋಲೆಯಲ್ಲೂ ನಾನು ಇದಕ್ಕೆ ಉತ್ತರ ಓದಿಲ್ಲ. "ನಿನಗೆ ಬರುತ್ತಲ್ಲ, ಸುಮ್ನೆ ಕೂತ್ಕೋ" ಅನ್ನುತ್ತೇವೆ. ಇಲ್ಲ ಅಂದರೆ ಪಕ್ಕದವನಿಗೆ ಹೇಳಿಕೊಡು ಅನ್ನುತ್ತೇವೆ.

ನಾನು ಮೊದಲು ಕೆಲವು ವರ್ಷ ನಲಿ-ಕಲಿ ತರಗತಿಯಲ್ಲಿದ್ದೆ, ಅಂದರೆ 1ರಿಂದ 3ನೇ ತರಗತಿಯ ಚಿಕ್ಕ ಮಕ್ಕಳ ಜೊತೆ. ಈಗ 6ರಿಂದ 8ನೇ ತರಗತಿಗೆ ಗಣಿತ, ವಿಜ್ಞಾನ ಮಾಡುತ್ತೇನೆ. ಚಿಕ್ಕವರನ್ನೂ ನೋಡಿದ್ದೇನೆ, ಅವರು ದೊಡ್ಡವರಾಗಿ ಹೈಸ್ಕೂಲಿಗೆ ಹೋಗುವುದನ್ನೂ ನೋಡಿದ್ದೇನೆ. ನನಗೆ ಅನ್ನಿಸಿರುವುದು ಇಷ್ಟು: ನಮ್ಮಲ್ಲಿ ಜಾಣ ಮಕ್ಕಳಿಗೆ ಸಿಗುವ ಬೆಂಬಲ ಅಂದರೆ ಒಂದು ಪರೀಕ್ಷೆ. ಅದರಲ್ಲಿ ಆಯ್ಕೆಯಾದ ಮಗುವನ್ನು ಬೇರೆ ಶಾಲೆಗೆ ಕರೆದುಕೊಂಡು ಹೋಗುತ್ತಾರೆ, ಅಥವಾ ಅದರ ಖಾತೆಗೆ ದುಡ್ಡು ಹಾಕುತ್ತಾರೆ. ಎರಡೂ ಒಳ್ಳೆಯದೇ. ಆದರೆ ಆಯ್ಕೆಯಾಗದೆ ಉಳಿದ ಜಾಣ ಮಕ್ಕಳೇ ಜಾಸ್ತಿ. ಅವರು ದಿನಾ ಬೆಳಗ್ಗೆ ಬಂದು ಕೂರುವ ಅದೇ ಕೋಣೆಯಲ್ಲಿ ಅವರಿಗೆ ಅಂತ ಏನೂ ಇಟ್ಟಿಲ್ಲ.

ವಿಚಿತ್ರ ಅಂದರೆ, ತೀರಾ ಚಿಕ್ಕ ತರಗತಿಗಳಲ್ಲಿ ಇದಕ್ಕೊಂದು ವ್ಯವಸ್ಥೆ ಆಗಲೇ ಇದೆ. ಅದನ್ನು ನಾವು ಆ ಕಣ್ಣಿನಿಂದ ನೋಡಿಲ್ಲ ಅಷ್ಟೇ.

ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಲ್ಲಿ ನಡೆಯುತ್ತಿದ್ದ ಪದ್ಧತಿಯನ್ನು ನೋಡಿ, ಯುನಿಸೆಫ್ ನೆರವಿನಿಂದ, ನಮ್ಮ ಶಿಕ್ಷಕರೇ ಕೂತು ಕನ್ನಡದ ಮಕ್ಕಳಿಗೆ ಹೊಂದಿಸಿದರು. ಆಮೇಲೆ 2009-10ರ ಹೊತ್ತಿಗೆ ರಾಜ್ಯದ ಎಲ್ಲ ಕಡೆಗೂ ಬಂತು. 1, 2, 3ನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುತ್ತಾರೆ. ಇಡೀ ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ ಗೋಡೆಯ ಮೇಲೆ ಕಲಿಕಾ ಏಣಿ ಹಾಕಿರುತ್ತಾರೆ. ಒಂದೊಂದು ಮೆಟ್ಟಿಲಿಗೂ ಕಾರ್ಡು ಇರುತ್ತದೆ, ಕಾರ್ಡಿಗೊಂದು ಗುರುತಿನ ಚಿತ್ರ. ಓದಲು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡು ಹುಡುಕಿಕೊಳ್ಳುತ್ತದೆ. ಕೂರುವುದು ತಟ್ಟೆಗಳಲ್ಲಿ. ತಟ್ಟೆ ಅಂದರೆ ಗುಂಪು. ಪೂರ್ತಿ ಟೀಚರ್ ಸಹಾಯ ಬೇಕಾದವರು ಒಂದು ಕಡೆ, ಸ್ವಲ್ಪ ಸಹಾಯ ಸಾಕಾದವರು ಇನ್ನೊಂದು ಕಡೆ, ಜೊತೆಗಾರರಿಂದ ಕಲಿಯುವವರು ಮತ್ತೊಂದು ಕಡೆ, ತಮ್ಮಷ್ಟಕ್ಕೆ ತಾವೇ ಕಲಿಯುವವರು ಬೇರೆ ಕಡೆ. ಜ್ವರ ಬಂದು ಒಂದು ವಾರ ಶಾಲೆಗೆ ಬಾರದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಅದೇ ರೀತಿ, ಬೇಗ ಹತ್ತುವ ಮಗುವನ್ನು ಯಾರೂ ತಡೆಯುವುದಿಲ್ಲ.

ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಎರಡನೇ ತರಗತಿಯ ಗಣಿತದ ಮೆಟ್ಟಿಲುಗಳನ್ನು ದೀಪಾವಳಿ ಹೊತ್ತಿಗೆ ಮುಗಿಸಿಬಿಟ್ಟಳು. ಮೂರನೇ ತರಗತಿಯ ಕಾರ್ಡುಗಳು ಅದೇ ಕೋಣೆಯಲ್ಲಿದ್ದವು. ತೆಗೆದುಕೊಂಡು ಕೂತಳು, ಅಷ್ಟೇ. ಯಾರ ಅನುಮತಿಯೂ ಬೇಕಾಗಲಿಲ್ಲ, ಯಾರಿಗೂ ಅವಳನ್ನು ವಿಶೇಷ ಅಂತ ಕರೆಯುವ ಅಗತ್ಯ ಬರಲಿಲ್ಲ, ಮತ್ತು ಭಾಷೆಯಲ್ಲಿ ಅವಳು ಇನ್ನೂ ಎರಡನೇ ತರಗತಿಯ ಮೆಟ್ಟಿಲಿನಲ್ಲೇ ಇದ್ದಳು ಅನ್ನುವುದು ಯಾರಿಗೂ ತೊಂದರೆಯಾಗಲಿಲ್ಲ. ಒಂದು ವಿಷಯದಲ್ಲಿ ಮುಂದೆ, ಇನ್ನೊಂದರಲ್ಲಿ ಎಲ್ಲರ ಹಾಗೆ. ಜಾಣ ಮಕ್ಕಳು ನಿಜವಾಗಿ ಇರುವುದು ಹೀಗೇ ಅಲ್ವಾ?

ನಲಿ-ಕಲಿಯ ಬಗ್ಗೆ ದೂರುಗಳಿವೆ, ಗೊತ್ತು. ದಾಖಲೆ ತುಂಬುವ ಕೆಲಸ ಜಾಸ್ತಿ. ಮಕ್ಕಳ ಸಂಖ್ಯೆ ಹೆಚ್ಚಿದ್ದರೆ ತಟ್ಟೆ ನಿಭಾಯಿಸುವುದು ಕಷ್ಟ. ಮಗು ಬರೀ ಆಟ ಆಡುತ್ತದೆ, ಬರವಣಿಗೆ ಇಲ್ಲ ಅಂತ ಪೋಷಕರು ಬೇಸರ ಮಾಡಿಕೊಳ್ಳುತ್ತಾರೆ. ಇವೆಲ್ಲ ಇದ್ದರೂ, ಪ್ರತಿ ಮಗುವೂ ಬೇರೆ ವೇಗದಲ್ಲಿ ಕಲಿಯುತ್ತದೆ ಅಂತ ಒಪ್ಪಿಕೊಂಡು ಕಟ್ಟಿದ ತರಗತಿ ನಮ್ಮ ಇಡೀ ವ್ಯವಸ್ಥೆಯಲ್ಲಿ ಇದೊಂದೇ.

ಅದು 3ನೇ ತರಗತಿಗೆ ಮುಗಿಯುತ್ತದೆ. 4ಕ್ಕೆ ಬಂದರೆ ಏಣಿ ಇಲ್ಲ, ತಟ್ಟೆ ಇಲ್ಲ. ಸಾಲಾಗಿ ಬೆಂಚು, ಎಲ್ಲರಿಗೂ ಅದೇ ಪುಸ್ತಕದ ಅದೇ ಪುಟ. ಮೂರು ವರ್ಷ ತನ್ನ ವೇಗದಲ್ಲಿ ನಡೆದ ಮಗುವಿಗೆ ಇದ್ದಕ್ಕಿದ್ದ ಹಾಗೆ ಎಲ್ಲರ ಜೊತೆ ನಿಲ್ಲು ಅಂದರೆ ಏನಾಗುತ್ತದೆ? ನಾನು ಹೇಳಿದ ಆ ಹುಡುಗಿ 4ನೇ ತರಗತಿಗೆ ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ಅವಳ ಬಗ್ಗೆ ಬಂದ ಮಾತು, "ಹುಷಾರಿದ್ದಾಳೆ, ಆದರೆ ಗಮನ ಇಲ್ಲ." ಹೇಳಿದವರು ಒಳ್ಳೆಯ ಶಿಕ್ಷಕರೇ. ಅವರಿಗೆ ಐದು ವಿಷಯ, ಎರಡು ತರಗತಿ, ಬಿಸಿಯೂಟದ ಲೆಕ್ಕ, ಮೇಲಿಂದ ಬರುವ ಆ್ಯಪ್‌ಗಳು. ಒಬ್ಬಳಿಗಾಗಿ ಬೇರೆ ಪಾಠ ಎಲ್ಲಿಂದ ತರಬೇಕು?

ಬೇರೆ ಪಾಠವೇ ಬೇಕಿಲ್ಲ ಅಂತ ನಾನು ಹೇಳುತ್ತೇನೆ. ಈ ವಯಸ್ಸಿನಲ್ಲಿ ಬೇಕಾಗಿರುವುದು ಎಲ್ಲರೂ ಮಾಡಬಹುದಾದ, ಆದರೆ ಕೆಲವರು ಇನ್ನೂ ಆಳಕ್ಕೆ ಇಳಿಯಬಹುದಾದ ಕೆಲಸ. ಮಹಾರಾಷ್ಟ್ರದ ದೇವಲಾಲಿಯಲ್ಲಿ ಕಾಪ್ರೇಕರ್ ಅಂತ ಒಬ್ಬ ಶಾಲಾ ಶಿಕ್ಷಕರಿದ್ದರು. ಅವರು 1949ರಲ್ಲಿ ಕಂಡುಕೊಂಡ ಒಂದು ವಿಷಯವನ್ನು 4ನೇ ತರಗತಿಯಲ್ಲಿ ಕಳೆಯುವ ಲೆಕ್ಕದ ಅಭ್ಯಾಸಕ್ಕೆ ಬಳಸಬಹುದು. ಯಾವುದಾದರೂ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. 3524 ಅಂದುಕೊಳ್ಳಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆದರೆ 5432, ಚಿಕ್ಕದರಿಂದ ದೊಡ್ಡದಕ್ಕೆ ಬರೆದರೆ 2345. ಕಳೆಯಿರಿ, 3087. ಮತ್ತೆ ಅದೇ ಕೆಲಸ: 8730ರಿಂದ 0378 ಕಳೆದರೆ 8352. ಮತ್ತೆ: 8532ರಿಂದ 2358 ಕಳೆದರೆ 6174. ಇನ್ನು ಮುಂದೆ ಎಷ್ಟು ಸಲ ಮಾಡಿದರೂ 6174 ಬಿಟ್ಟು ಬೇರೆ ಬರುವುದಿಲ್ಲ. ಯಾವ ಸಂಖ್ಯೆಯಿಂದ ಶುರು ಮಾಡಿದರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ತರಗತಿಯ ಎಲ್ಲರಿಗೂ ದಶಕ ತೆಗೆದುಕೊಂಡು ಕಳೆಯುವ ಅಭ್ಯಾಸ ಆಗುತ್ತದೆ. ನಿಧಾನ ಇರುವ ಮಗು ಒಂದು ಸಂಖ್ಯೆ ಮಾಡುವ ಹೊತ್ತಿಗೆ ಬೇಗ ಮಾಡುವ ಮಗು ನಾಲ್ಕು ಮಾಡಿ, ಮೂರಂಕಿಗೂ ಹೀಗೇ ಆಗುತ್ತಾ ಅಂತ ತಾನೇ ಹುಡುಕಲು ಹೋಗುತ್ತದೆ. ಆಗುತ್ತದೆ, ಅಲ್ಲಿ 495. ಇದಕ್ಕೆ ಒಂದು ಸೀಮೆಸುಣ್ಣ ಸಾಕು.

ಈ ಹಂತದಲ್ಲಿ ಇನ್ನೊಂದು ಒಳ್ಳೆಯ ಸಹಾಯ ಗ್ರಾಮ ಪಂಚಾಯಿತಿ ಗ್ರಂಥಾಲಯ. 2020ರಲ್ಲಿ 'ಓದುವ ಬೆಳಕು' ಅಂತ ಶುರು ಮಾಡಿ ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಟ್ಟರು. ಕೆಲವು ಊರುಗಳಲ್ಲಿ ಅದು ನಿಜವಾಗಿ ನಡೆಯುತ್ತಿದೆ. ಪಠ್ಯಪುಸ್ತಕ ಜೂನ್‌ನಲ್ಲೇ ಓದಿ ಮುಗಿಸುವ ಮಕ್ಕಳಿರುತ್ತಾರೆ. ಅವರನ್ನು ಕೈ ಹಿಡಿದುಕೊಂಡು ಹೋಗಿ ಗ್ರಂಥಾಲಯದ ಮೇಲ್ವಿಚಾರಕರಿಗೆ ಪರಿಚಯ ಮಾಡಿಸಿ. ಅರ್ಧ ಗಂಟೆಯ ಕೆಲಸ, ಮಗುವಿಗೆ ವರ್ಷಗಟ್ಟಲೆ ಬರುತ್ತದೆ.

ಈಗ 5ನೇ ತರಗತಿಗೆ ಬರೋಣ. ಇಲ್ಲಿಂದ ಪರೀಕ್ಷೆಗಳ ಕಾಲ. ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆ, ರಾಜ್ಯದ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ಎಲ್ಲಕ್ಕೂ 6ನೇ ತರಗತಿಗೆ ಪ್ರವೇಶ ಪರೀಕ್ಷೆ, ಅಂದರೆ ಬರೆಯುವುದು 5ರ ಮಕ್ಕಳು.

ನವೋದಯದ ಬಗ್ಗೆ ನನಗೆ ತುಂಬಾ ಗೌರವ ಇದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೂಸು ಅದು. ಹಳ್ಳಿಯ ಜಾಣ ಮಗುವಿಗೆ ಪೇಟೆಯ ಒಳ್ಳೆ ಶಾಲೆಯಷ್ಟೇ ಒಳ್ಳೆಯ ಶಾಲೆ ಸಿಗಬೇಕು, ಅದಕ್ಕೆ ಅಪ್ಪ ಅಮ್ಮನ ಜೇಬು ಅಡ್ಡ ಬರಬಾರದು ಅನ್ನುವ ಯೋಚನೆ. ಕನಿಷ್ಠ 75 ಭಾಗ ಸೀಟು ಹಳ್ಳಿ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಊಟ, ವಸತಿ, ಪುಸ್ತಕ ಎಲ್ಲ ಅಲ್ಲೇ. 9ನೇ ತರಗತಿಯಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ನಾಡಿನ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ನಮ್ಮೂರಿನಿಂದ ಹೋದ ಹುಡುಗರು ರಜೆಗೆ ಬಂದಾಗ ಅವರ ಮಾತಿನ ಧೈರ್ಯ ನೋಡಿದರೆ ಖುಷಿಯಾಗುತ್ತದೆ.

ಆದರೆ ಲೆಕ್ಕ ನೋಡಿ. ಸಾಮಾನ್ಯವಾಗಿ ಜಿಲ್ಲೆಗೊಂದು ನವೋದಯ, ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಹತ್ತು ವರ್ಷದ ಮಗು ಎರಡು ಗಂಟೆಯಲ್ಲಿ 80 ಪ್ರಶ್ನೆಗೆ ಉತ್ತರ ಗುರುತು ಮಾಡಬೇಕು. ಅರ್ಧ ಬುದ್ಧಿಶಕ್ತಿಯ ಪ್ರಶ್ನೆ, ಉಳಿದದ್ದು ಲೆಕ್ಕ ಮತ್ತು ಭಾಷೆ. ಮತ್ತೆ ಬರೆಯಲು ಅವಕಾಶ ಇಲ್ಲ, 6ನೇ ತರಗತಿಗೆ ಅದೊಂದೇ ಸಲ. ಆ ದಿನ ಹೊಟ್ಟೆನೋವು ಬಂದರೆ ಮುಗಿಯಿತು. ಹೀಗಿರುವಾಗ ಕೋಚಿಂಗ್ ಹುಟ್ಟಿಕೊಳ್ಳದೇ ಇರುತ್ತದಾ? ಹುಟ್ಟಿಕೊಂಡಿದೆ. 5ನೇ ತರಗತಿ ಮಗು ಹಾಜರಿ ಪುಸ್ತಕದಲ್ಲಿ ಒಂದು ಕಡೆ, ಕೂತು ಕಲಿಯುವುದು ಕೋಚಿಂಗ್ ಹಾಸ್ಟೆಲಿನಲ್ಲಿ. ಒಂದು ವರ್ಷ ಪೂರ್ತಿ ಆಕೃತಿ ಹೋಲಿಕೆ, ಸಂಖ್ಯಾ ಸರಣಿ ಮಾಡಿ ಮಾಡಿ, ಅದರಲ್ಲಿದ್ದ ಮಜಾ ಸತ್ತು ಹೋಗಿರುತ್ತದೆ. ದುಡ್ಡಿದ್ದವರು ಕಳಿಸುತ್ತಾರೆ. ಹಾಗಾಗಿ ಯಾರ ಜೇಬು ಅಡ್ಡ ಬರಬಾರದು ಅಂತ ಆ ಶಾಲೆ ಕಟ್ಟಿದರೋ, ಅವರ ಮಗುವಿಗೆ ಸ್ಪರ್ಧೆ ಇನ್ನಷ್ಟು ಕಷ್ಟವಾಗುತ್ತಾ ಬಂದಿದೆ. ಇದು ನವೋದಯದ ತಪ್ಪಲ್ಲ. ಒಳ್ಳೆಯ ಶಾಲೆ ಕಡಿಮೆ ಇದ್ದಾಗ ಹೀಗೇ ಆಗುತ್ತದೆ.

ಇನ್ನು ಹೆಣ್ಣುಮಕ್ಕಳು. ಸೀಟು ಸಿಕ್ಕಿಯೂ ಹೋಗದ ಮಕ್ಕಳನ್ನು ನಾನು ನೋಡಿದ್ದೇನೆ. ಹತ್ತು ವರ್ಷದ ಹುಡುಗಿಯನ್ನು ಹಾಸ್ಟೆಲಿಗೆ ಬಿಡಲು ಮನಸ್ಸು ಬರುವುದಿಲ್ಲ ಅಂತ ತಾಯಿ ಅತ್ತರೆ ನಾವು ಏನು ಹೇಳಬೇಕು? ಆ ಮಗು ನಮ್ಮ ಶಾಲೆಯಲ್ಲೇ ಉಳಿಯುತ್ತದೆ. ಉಳಿದ ಮೇಲೆ ಅದಕ್ಕೆ ಏನಾದರೂ ಸಿಗಬೇಕೋ ಬೇಡವೋ?

ಪರೀಕ್ಷೆಗೆ ಕೂರದೇ ಇರುವ ಮಕ್ಕಳ ಮಾತು ಇನ್ನೂ ಬೇರೆ. ಯಾರನ್ನು ಪರೀಕ್ಷೆಗೆ ಕಳಿಸಬೇಕು ಅಂತ ನಾವು ಶಿಕ್ಷಕರು ಹೆಸರು ಹೇಳುವಾಗ ಯಾರು ನೆನಪಿಗೆ ಬರುತ್ತಾರೆ? ಅಕ್ಷರ ದುಂಡಗಿರುವವರು, ಕೈ ಎತ್ತುವವರು, ಮನೆಗೆಲಸ ತಪ್ಪದೆ ತರುವವರು. ನಮ್ಮ ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗ ಮನೆಯಲ್ಲಿ ಮಾತಾಡುವುದು ಲಂಬಾಣಿ. ಕನ್ನಡ ಬರೆಯುವಾಗ ಒತ್ತಕ್ಷರ ತಪ್ಪುತ್ತಿದ್ದ. ಅಪ್ಪ ಅಮ್ಮ ಕಬ್ಬು ಕಡಿಯಲು ಹೋದಾಗ ಜೊತೆಗೆ ಹೋಗಿ ತಿಂಗಳುಗಟ್ಟಲೆ ಶಾಲೆಗೆ ಬರುತ್ತಿರಲಿಲ್ಲ. ಆದರೆ ಟನ್ನಿಗೆ ಇಷ್ಟು ಅಂದರೆ ಇಷ್ಟು ಟನ್ನಿಗೆ ಎಷ್ಟು, ಅದರಲ್ಲಿ ಮುಂಗಡ ಕಳೆದರೆ ಕೈಗೆ ಎಷ್ಟು ಬರುತ್ತದೆ ಅನ್ನುವ ಲೆಕ್ಕವನ್ನು ನಿಂತ ನಿಲುವಿನಲ್ಲಿ ಹೇಳುತ್ತಿದ್ದ. ಇಂಥ ಮಗು ಯಾರ ಪಟ್ಟಿಗೂ ಬರುವುದಿಲ್ಲ. ಬೆಂಗಳೂರಿನ ನಿಯಾಸ್ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ದೇಶದ ಪ್ರತಿಭಾವಂತ ಮಕ್ಕಳ ಬಗ್ಗೆ ಕೆಲಸ ಮಾಡಿದವರಿದ್ದಾರೆ. ಅಂಕ ನೋಡಿ ಆರಿಸುವ ಬದಲು ಶಿಕ್ಷಕರು, ಪೋಷಕರು ಮಗುವನ್ನು ಗಮನಿಸಿ ಗುರುತಿಸುವುದು ಹೇಗೆ ಅನ್ನುವುದು ಅವರ ಕೆಲಸದ ಒಂದು ಭಾಗ. ಮಗು ಕೇಳುವ ಪ್ರಶ್ನೆ ಹೇಗಿದೆ, ಒಂದು ವಿಷಯಕ್ಕೆ ಅಂಟಿಕೊಂಡು ಎಷ್ಟು ಹೊತ್ತು ಕೂರುತ್ತದೆ, ತಾನೇ ದಾರಿ ಹುಡುಕುತ್ತದಾ, ಇಂಥದ್ದನ್ನು ನೋಡಬೇಕು. ಇದು ದಿನಾ ಮಗುವಿನ ಜೊತೆ ಇರುವವರು ಮಾತ್ರ ಮಾಡಬಲ್ಲ ಕೆಲಸ. ನಮಗೆ ಬಿ.ಇಡಿ.ಯಲ್ಲಿ ಇದನ್ನು ಕಲಿಸಿದ್ದು ಮನೋವಿಜ್ಞಾನದ ಪೇಪರಿನಲ್ಲಿ ಒಂದು ಲಘು ಟಿಪ್ಪಣಿಯಾಗಿ. 'ಪ್ರತಿಭಾವಂತ ಮಕ್ಕಳ ಲಕ್ಷಣಗಳು', ಬಾಯಿಪಾಠ ಮಾಡಿದೆವು, ಬರೆದೆವು.

6ರಿಂದ 8, ನನ್ನ ತರಗತಿಗಳು. ಇಲ್ಲಿ ಜಾಣ ಮಗು ಟೀಚರ್ ಸಹಾಯಕ ಆಗಿಬಿಡುತ್ತದೆ. ಕ್ಲಾಸ್ ಲೀಡರ್ ಅದೇ, ನೋಟ್ಸ್ ತಿದ್ದುವುದು ಅದೇ, ಬಾರದವರಿಗೆ ಮಗ್ಗಿ ಒಪ್ಪಿಸಿಕೊಳ್ಳುವುದು ಅದೇ. ಬೇರೆಯವರಿಗೆ ಹೇಳಿಕೊಡುವುದು ಒಳ್ಳೆಯದು, ಹೇಳಿಕೊಡುವಾಗ ನಮಗೇ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ದಿನಾ ಅದೇ ಆದರೆ ಆ ಮಗು ಹೊಸದನ್ನು ಕಲಿಯುವುದು ಯಾವಾಗ? ಇನ್ನೊಂದು ಅಭ್ಯಾಸ, ಹತ್ತು ಲೆಕ್ಕ ಬೇಗ ಮುಗಿಸಿದವರಿಗೆ ಅದೇ ಥರದ ಇನ್ನೂ ಹತ್ತು ಲೆಕ್ಕ ಕೊಡುವುದು. ಎರಡು ದಿನದಲ್ಲಿ ಮಕ್ಕಳು ನಿಧಾನವಾಗಿ ಬರೆಯುವುದನ್ನು ಕಲಿಯುತ್ತಾರೆ. ಬೇಗ ಮುಗಿಸಿದ್ದಕ್ಕೆ ಸಿಕ್ಕಿದ್ದು ಶಿಕ್ಷೆ ಅಂತ ಅವರಿಗೆ ಗೊತ್ತಾಗುತ್ತದೆ.

ನಾನು ಈಗ ಗೋಡೆಯ ಮೇಲೆ ವಾರಕ್ಕೊಂದು ಪ್ರಶ್ನೆ ಅಂಟಿಸುತ್ತೇನೆ. ಪಾಠ ಮುಗಿಸಿದವರು ಅದಕ್ಕೆ ಹೋಗಬಹುದು. ಚೆನ್ನಾಗಿ ಓಡಿದ ಒಂದು ಪ್ರಶ್ನೆ ಹೇಳುತ್ತೇನೆ. 9 ಅನ್ನುವುದನ್ನು 4+5 ಅಂತ ಬರೆಯಬಹುದು, 2+3+4 ಅಂತಲೂ ಬರೆಯಬಹುದು. ಒಂದರ ಪಕ್ಕ ಒಂದು ಬರುವ ಸಂಖ್ಯೆಗಳನ್ನು ಕೂಡಿಸಿ, ಕನಿಷ್ಠ ಎರಡು ಸಂಖ್ಯೆ ಇರಬೇಕು, 1 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಗಳನ್ನೇ ಬಳಸಬೇಕು, 30ರವರೆಗಿನ ಯಾವ ಯಾವ ಸಂಖ್ಯೆಯನ್ನು ಮಾಡಬಹುದು? ಯಾವುದನ್ನು ಮಾಡಲು ಆಗುವುದಿಲ್ಲ? 6ನೇ ತರಗತಿಯ ಮಕ್ಕಳು ಶುರು ಮಾಡಿದರು. ಬೆಸಸಂಖ್ಯೆಗಳು ಸುಲಭ ಅಂತ ಮೊದಲ ದಿನವೇ ಕಂಡುಕೊಂಡರು. ಆಮೇಲೆ 6 ಬಂತು, 10 ಬಂತು, 12 ಬಂತು. ಆದರೆ 2, 4, 8, 16 ಏನು ಮಾಡಿದರೂ ಬರುವುದಿಲ್ಲ. ಒಬ್ಬಳು ಬಂದು, "32 ಕೂಡ ಬರಲ್ಲ ಟೀಚರ್, ನೋಡಬೇಕಾಗಿಲ್ಲ" ಅಂದಳು. ಯಾಕೆ ಅಂದೆ. ಗೊತ್ತಿಲ್ಲ, ಆದರೆ ಬರಲ್ಲ ಅಂದಳು. ಆ ಯಾಕೆ ಅನ್ನುವುದರ ಹಿಂದೆ ಅವಳು ಕೂತಿದ್ದು ಆ ವಾರ ಪೂರ್ತಿ. ಕೊನೆಗೆ ಹೇಳಿದ ಕಾರಣ ಪೂರ್ತಿ ಸರಿ ಇರಲಿಲ್ಲ, ಆದರೆ ಬೆಸಸಂಖ್ಯೆಯಿಂದ ಭಾಗವಾಗುವುದಕ್ಕೂ ಇದಕ್ಕೂ ಏನೋ ಸಂಬಂಧ ಇದೆ ಅನ್ನುವವರೆಗೆ ತಲುಪಿದ್ದಳು. ಗಣಿತ ಅಂದರೆ ಅದೇ. ಇದನ್ನು ನಾನು ಯಾವ ಅಂಕಪಟ್ಟಿಯಲ್ಲೂ ತುಂಬಲು ಆಗುವುದಿಲ್ಲ.

ಕೆಲವು ಪೋಷಕರು "ಒಂದು ಕ್ಲಾಸ್ ಮುಂದೆ ಹಾಕಿಬಿಡಿ" ಅಂತ ಕೇಳುತ್ತಾರೆ. ಹಿಂದೆ ಇದು ನಡೆಯುತ್ತಿತ್ತು. ನಮ್ಮ ಸಿ.ಎನ್.ಆರ್. ರಾವ್ ಅವರು ಮೊದಲು ಮನೆಯಲ್ಲೇ ತಾಯಿಯಿಂದ ಕಲಿತು, ಆಮೇಲೆ ಶಾಲೆಗೆ ನೇರವಾಗಿ ಮೇಲಿನ ತರಗತಿಗೆ ಸೇರಿದವರು. 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಮುಗಿಸಿದಾಗ ಅವರಿಗೆ 17 ವರ್ಷ. ಈಗ ವಯಸ್ಸಿಗೆ ತಕ್ಕ ತರಗತಿ ಅನ್ನುವುದು ಕಾನೂನಿನಲ್ಲೇ ಇದೆ, ಆ ನಿಯಮ ಬಹಳ ಮಕ್ಕಳನ್ನು ಕಾಪಾಡಿದೆ ಕೂಡ. ಇಡೀ ತರಗತಿ ದಾಟಿಸುವುದಕ್ಕಿಂತ ಒಂದು ವಿಷಯದಲ್ಲಿ ಮುಂದೆ ಬಿಡುವುದು ನನಗೆ ಸರಿ ಅನ್ನಿಸುತ್ತದೆ. ನಮ್ಮಂಥ ಚಿಕ್ಕ ಶಾಲೆಯಲ್ಲಿ ಇದು ಸುಲಭ. ಮೂರೂ ತರಗತಿಗೆ ಗಣಿತ ಮಾಡುವುದು ನಾನೊಬ್ಬಳೇ. 6ನೇ ತರಗತಿಯ ಮಗು ನನ್ನ 7ನೇ ತರಗತಿಯ ಗಣಿತದ ಪೀರಿಯಡ್‌ಗೆ ಬಂದು ಕೂರುತ್ತದೆ. ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ ಸ್ಯಾಟ್ಸ್‌ನಲ್ಲಿ ಅದು 6ನೇ ತರಗತಿಯಲ್ಲೇ ಇರುತ್ತದೆ, ಕಾಗದದ ತೊಂದರೆ ಇಲ್ಲ. ಮುಖ್ಯ ಶಿಕ್ಷಕರು ಒಪ್ಪಿದರೆ ಸಾಕು. ಒಂದೇ ಎಚ್ಚರ, ಆ ಹೊತ್ತಿಗೆ ಅದರ ಆಟದ ಪೀರಿಯಡ್ ಹೋಗದ ಹಾಗೆ ವೇಳಾಪಟ್ಟಿ ಹಾಕಬೇಕು.

8ನೇ ತರಗತಿಯಲ್ಲಿ ಎನ್‌ಎಂಎಂಎಸ್, ಅಂದರೆ ಬಡ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಪರೀಕ್ಷೆ. ನವೋದಯಕ್ಕೆ ಹೋಗದೆ ನಮ್ಮಲ್ಲೇ ಉಳಿದ ಮಕ್ಕಳಿಗೆ ಇದು ದೊಡ್ಡ ಆಸರೆ, ಯಾಕಂದರೆ ವಸತಿ ಶಾಲೆಯವರು ಇದಕ್ಕೆ ಬರುವುದಿಲ್ಲ, ಸರ್ಕಾರಿ ಮತ್ತು ಅನುದಾನಿತ ಶಾಲೆಯವರಿಗೆ ಮಾತ್ರ. 2008ರಲ್ಲಿ ಶುರುವಾಯಿತು. ಇಡೀ ದೇಶದಲ್ಲಿ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿವೇತನ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಮೊದಲು 6,000 ಇತ್ತು, 2017ರಲ್ಲಿ ಹೆಚ್ಚಿಸಿದರು. ಕೂಲಿ ಮಾಡುವ ಮನೆಯಲ್ಲಿ ತಿಂಗಳಿಗೆ ಸಾವಿರ ಅಂದರೆ ಹುಡುಗಿಯನ್ನು 8ಕ್ಕೆ ಬಿಡಿಸಬೇಕೋ ಓದಿಸಬೇಕೋ ಅನ್ನುವ ತೀರ್ಮಾನ ಬದಲಾಗುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇದಕ್ಕಾಗಿ ಭಾನುವಾರವೂ ಕೂತು ಹೇಳಿಕೊಡುವ ಶಿಕ್ಷಕರು ಜಿಲ್ಲೆ ಜಿಲ್ಲೆಯಲ್ಲೂ ಇದ್ದಾರೆ. ಆದರೂ ಇದು ದುಡ್ಡಿನ ನೆರವು. ಆ ಮಗುವಿಗೆ ಕಲಿಯಲು ಹೊಸದೇನನ್ನೂ ಇದು ಕೊಡುವುದಿಲ್ಲ.

ಹಾಡುವ, ಚಿತ್ರ ಬರೆಯುವ, ಜೇಡಿಮಣ್ಣಿನಲ್ಲಿ ಗೊಂಬೆ ಮಾಡುವ ಮಕ್ಕಳಿಗೆ ಪ್ರತಿಭಾ ಕಾರಂಜಿ ಸ್ಪರ್ಧೆ ಇದೆ, ಕ್ಲಸ್ಟರ್‌ನಿಂದ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನಿಂದ, ರಾಜ್ಯದವರೆಗೆ. ವೇದಿಕೆ ಸಿಗುತ್ತದೆ, ಗೆದ್ದ ಮಗು ಊರಿಗೇ ಹೆಮ್ಮೆ. ಆದರೆ ಸ್ಪರ್ಧೆ ಮುಗಿದ ಮಾರನೇ ದಿನದಿಂದ ಆ ಮಗುವಿಗೆ ಸಂಗೀತ ಕಲಿಸುವವರು ಶಾಲೆಯಲ್ಲಿ ಇಲ್ಲ. ನನಗೆ ಇದಕ್ಕಿಂತ ಇಷ್ಟವಾಗುವುದು ಮಕ್ಕಳ ವಿಜ್ಞಾನ ಸಮಾವೇಶ. 1993ರಿಂದ ದೇಶದಲ್ಲಿ ನಡೆಯುತ್ತಿದೆ, ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮಾಡಿಸಿಕೊಂಡು ಬಂದಿದೆ. ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆ ಆರಿಸಿಕೊಂಡು, ತಿಂಗಳುಗಟ್ಟಲೆ ಅಳೆದು, ಕೇಳಿ, ಬರೆದು ತರಬೇಕು. ತಮ್ಮ ಭಾಷೆಯಲ್ಲೇ ಹೇಳಬಹುದು. ನಮ್ಮ ಮಕ್ಕಳು ಊರಿನ ಬೋರ್‌ವೆಲ್‌ಗಳ ಮೇಲೆ ಮಾಡಿದ್ದು ತಾಲ್ಲೂಕು ದಾಟಲಿಲ್ಲ. ಆದರೂ ಆ ಮಳೆಗಾಲದಲ್ಲಿ ಅವರು ಕಲಿತಷ್ಟನ್ನು ನಾನು ಪಾಠ ಮಾಡಿ ಕಲಿಸಲು ಸಾಧ್ಯವೇ ಇರಲಿಲ್ಲ.

ಹೈಸ್ಕೂಲಿನ ಬಗ್ಗೆ ಬರೆಯಲು ನನಗೆ ಬೇಜಾರು. 9 ಮತ್ತು 10 ಅಂದರೆ ಎಸ್‌ಎಸ್‌ಎಲ್‌ಸಿ, ಬೇರೆ ಏನೂ ಇಲ್ಲ. ಶಾಲೆಯ ಫಲಿತಾಂಶ, ಬ್ಲಾಕಿನ ಫಲಿತಾಂಶ, ಜಿಲ್ಲೆಗೆ ಎಷ್ಟನೇ ಸ್ಥಾನ. ಹಿಂದುಳಿದವರಿಗೆ ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜ್. ಜಾಣರಿಗೆ 625ಕ್ಕೆ 625ರ ಗುರಿ. ಒಮ್ಮೆ ಓದಿದರೆ ಅರ್ಥವಾಗುವ ಮಗುವಿನ ಕೈಯಲ್ಲಿ ಅದೇ ಮಾದರಿ ಪ್ರಶ್ನೆಪತ್ರಿಕೆಯನ್ನು ಮತ್ತೆ ಮತ್ತೆ ಬರೆಸುತ್ತಾರೆ, ಅರ್ಧ ಅಂಕ ಎಲ್ಲೂ ಹೋಗಬಾರದು ಅಂತ. ಹದಿನಾಲ್ಕು, ಹದಿನೈದು ವರ್ಷ ಅಂದರೆ ತಲೆ ಎಷ್ಟು ಚುರುಕಾಗಿರುವ ಕಾಲ ಅದು! ಗಣಿತದ ಒಲಿಂಪಿಯಾಡ್ ಇರುವುದು ಈ ವಯಸ್ಸಿಗೇ. 8ರಿಂದ 12ನೇ ತರಗತಿಯವರು ಮೊದಲ ಸುತ್ತು ಬರೆಯಬಹುದು, ಅಲ್ಲಿಂದ ಪ್ರಾದೇಶಿಕ, ರಾಷ್ಟ್ರೀಯ, ಆಮೇಲೆ ಮುಂಬೈನ ಹೋಮಿ ಭಾಭಾ ಕೇಂದ್ರದ ಮೂಲಕ ಆರು ಮಕ್ಕಳು ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗೆ. ಭಾರತ 1989ರಿಂದ ಹೋಗುತ್ತಿದೆ. ಗೆಲ್ಲಬೇಕು ಅಂತ ನಾನು ಹೇಳುತ್ತಿಲ್ಲ. ಇಂಥ ಪ್ರಶ್ನೆಗಳು ಜಗತ್ತಿನಲ್ಲಿವೆ, ಒಂದೇ ಪ್ರಶ್ನೆಗೆ ಒಂದು ದಿನ ಯೋಚನೆ ಮಾಡಬಹುದು ಅನ್ನುವುದಾದರೂ ಹಳ್ಳಿಯ ಹೈಸ್ಕೂಲಿನ ಮಗುವಿಗೆ ಗೊತ್ತಾಗಬೇಡವೇ? ನನ್ನ ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ ಆ ಪದವನ್ನೇ ಕೇಳಿಲ್ಲ ಅನ್ನುವವರೇ ಜಾಸ್ತಿ.

ಇದ್ದ ಬಾಗಿಲುಗಳೂ ಮುಚ್ಚಿವೆ. 1963ರಲ್ಲಿ ಶುರುವಾದ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ ಎನ್‌ಟಿಎಸ್‌ಇ, ಈಚಿನ ವರ್ಷಗಳಲ್ಲಿ 10ನೇ ತರಗತಿಯವರು ಬರೆಯುತ್ತಿದ್ದದ್ದು, 2021ರ ನಂತರ ನಿಂತಿದೆ. ಪಿಯುಸಿ ಮಕ್ಕಳಿಗೆ ಇದ್ದ ವಿಜ್ಞಾನದ ವಿದ್ಯಾರ್ಥಿವೇತನ ಪರೀಕ್ಷೆ ಕೆವಿಪಿವೈಯನ್ನು 1999ರಿಂದ ನಮ್ಮ ಐಐಎಸ್ಸಿ ನಡೆಸುತ್ತಿತ್ತು, ಅದನ್ನು 2022ರಲ್ಲಿ ಕೇಂದ್ರದ ಇನ್ನೊಂದು ವಿದ್ಯಾರ್ಥಿವೇತನ ಯೋಜನೆ ಇನ್‌ಸ್ಪೈರ್ ಜೊತೆ ಸೇರಿಸಿದರು. ಇನ್‌ಸ್ಪೈರ್‌ನಲ್ಲಿ ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ಸಿಗುತ್ತದೆ, ಒಳ್ಳೆಯದೇ, ಆದರೆ ಅದು ಮುಖ್ಯವಾಗಿ ಬೋರ್ಡ್ ಪರೀಕ್ಷೆಯ ಅಂಕ ನೋಡಿ ಕೊಡುವುದು. ಅಲ್ಲಿಗೆ ಮತ್ತೆ ಅಂಕಕ್ಕೇ ಬಂದೆವು. ಪಿಯುಸಿಯಲ್ಲಿ ಉಳಿದಿದ್ದು ನೀಟ್ ಮತ್ತು ಸಿಇಟಿ, ಅದರ ಬಗ್ಗೆ ಎಲ್ಲರಿಗೂ ಗೊತ್ತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯಕ್ಕೆ ಬೇಕೋ ಬೇಡವೋ ಅನ್ನುವ ಜಗಳ ಇದೆ, ನಾನು ಅದಕ್ಕೆ ಹೋಗುವುದಿಲ್ಲ. ಆದರೆ ಅದರಲ್ಲಿ ವಿಶೇಷ ಪ್ರತಿಭೆಯ ಮಕ್ಕಳ ಬಗ್ಗೆ ಇರುವ ಕೆಲವೇ ಸಾಲುಗಳು ಚೆನ್ನಾಗಿವೆ. ಶಾಲೆ, ಶಾಲಾ ಸಮೂಹ, ಜಿಲ್ಲೆ ಮಟ್ಟದಲ್ಲಿ ಗಣಿತ, ವಿಜ್ಞಾನ, ಚೆಸ್, ಕವಿತೆ ಇಂಥವುಗಳ ಬಳಗ ಕಟ್ಟಬೇಕು ಅನ್ನುತ್ತದೆ. ಒಲಿಂಪಿಯಾಡ್‌ಗಳು ಹಳ್ಳಿಗೂ, ಪ್ರಾದೇಶಿಕ ಭಾಷೆಗಳಿಗೂ ಬರಬೇಕು ಅನ್ನುತ್ತದೆ. ಬಿ.ಇಡಿ.ಯಲ್ಲಿ ಇದನ್ನೇ ವಿಶೇಷವಾಗಿ ಓದುವ ಅವಕಾಶ ಇರಬಹುದು ಅನ್ನುತ್ತದೆ. ಯಾವ ನೀತಿಯ ಹೆಸರಿನಲ್ಲಾದರೂ ಸರಿ, ಈ ಮೂರನ್ನು ಮಾಡಿ ಅಂತ ಕೇಳುತ್ತೇನೆ. ನಮಗೆ ಕ್ಲಸ್ಟರ್ ಇದೆ, ಅದನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ ಸಿಆರ್‌ಪಿ ಇದ್ದಾರೆ, ತಿಂಗಳ ಸಮಾಲೋಚನಾ ಸಭೆ ಇದೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಕ್ಲಸ್ಟರಿನ ನಾಲ್ಕೈದು ಶಾಲೆಯ ಆಸಕ್ತ ಮಕ್ಕಳು ಒಂದು ಕಡೆ ಸೇರಲು ಕಟ್ಟಡ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ. ಮಕ್ಕಳು ಬಂದು ಹೋಗುವ ಬಸ್ ಚಾರ್ಜು ಮತ್ತು ಶಿಕ್ಷಕರಿಗೆ ಆ ಹೊತ್ತಿಗೆ ಬೇರೆ ಕೆಲಸ ಹಚ್ಚುವುದಿಲ್ಲ ಅನ್ನುವ ಒಂದು ಆದೇಶ ಸಾಕು. ಯಾರು ಬರಬೇಕು ಅಂತ ಪರೀಕ್ಷೆ ಮಾಡಬೇಡಿ. ಬರಲು ಇಷ್ಟ ಇದ್ದವರು ಬರಲಿ.

ಸದ್ಯಕ್ಕೆ ನಾವು ಕೆಲವು ಶಿಕ್ಷಕರು ಸೇರಿ ಇನ್ನೊಂದು ಕೆಲಸ ಹಿಡಿದಿದ್ದೇವೆ. 4 ಮತ್ತು 5ನೇ ತರಗತಿಯ ಗಣಿತಕ್ಕೆ ನಲಿ-ಕಲಿ ಥರದ್ದೇ ಏಣಿ ಮತ್ತು ಕಾರ್ಡುಗಳು. ಪ್ರತಿ ಅಧ್ಯಾಯದ ಕೊನೆಗೆ ಒಂದೆರಡು ಕಾರ್ಡು ಪಠ್ಯಪುಸ್ತಕದಲ್ಲಿ ಇಲ್ಲದ, ಯೋಚಿಸಿ ಮಾಡಬೇಕಾದ ಪ್ರಶ್ನೆಗಳಿಗೆ. ಭಿನ್ನರಾಶಿಯದು ಮುಗಿದಿದೆ, ಸುತ್ತಳತೆ ಮತ್ತು ವಿಸ್ತೀರ್ಣ ಅರ್ಧ ಆಗಿದೆ, ಭಾಗಾಕಾರಕ್ಕೆ ಒಳ್ಳೆಯ ಪ್ರಶ್ನೆಗಳು ಇನ್ನೂ ಸಿಕ್ಕಿಲ್ಲ. ನೀವು ತರಗತಿಯಲ್ಲಿ ಬಳಸಿ ಮಕ್ಕಳು ಮುಗಿಬಿದ್ದ ಭಾಗಾಕಾರದ ಪ್ರಶ್ನೆ ಯಾವುದಾದರೂ ಇದ್ದರೆ ಕೆಳಗೆ ಬರೆಯಿರಿ. ಭಿನ್ನರಾಶಿಯ ಕಾರ್ಡುಗಳು ಬೇಕಾದವರೂ ತಿಳಿಸಿ, ಕಳಿಸುತ್ತೇನೆ.